ಅಜ್ಜನ ಟ್ರಂಕಿನ ಪೆಂಗ್ವಿನ್‌ಗಳು: ಆರು ಪೆನ್ಸಿನ ಪುಸ್ತಕಕ್ಕೆ ಇಂದು ಏನು ಬೆಲೆ?

ಪ್ರಶ್ನೆ: ಶಿವಮೊಗ್ಗದ ಓದುಗರೊಬ್ಬರು ಬರೆದ ದೀರ್ಘ ಪತ್ರದ ಸಾರ ಹೀಗಿದೆ. "ನಮ್ಮ ಅಜ್ಜ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದವರು. 1940ರ ದಶಕದಿಂದ ಸುಮಾರು ಮೂವತ್ತೈದು ವರ್ಷ ಬೆಂಗಳೂರಿಗೆ ಹೋದಾಗಲೆಲ್ಲ ದಂಡಿನ ಹಳೆಪುಸ್ತಕದ ಅಂಗಡಿಗಳಿಂದ ಇಂಗ್ಲೆಂಡಿನ ಪೆಂಗ್ವಿನ್ ಪ್ರಕಾಶನದ ಪುಸ್ತಕಗಳನ್ನು ತರುತ್ತಿದ್ದರು. ಅಟ್ಟದ ಮೇಲಿನ ಟ್ರಂಕಿನಲ್ಲಿ ಅಂಥ 160 ಪುಸ್ತಕಗಳು ಈಗ ಸಿಕ್ಕಿವೆ. ಹೆಮಿಂಗ್ವೇಯವರ ಕಾದಂಬರಿಯೊಂದರ ಬೆನ್ನಿನ ಮೇಲೆ 2 ಎಂಬ ಸಂಖ್ಯೆಯಿದೆ, ಒಳಗೆ 1935 ಎಂದಿದೆ. 'ಲೇಡಿ ಚಾಟರ್ಲೀಸ್ ಲವರ್' ಕೂಡ ಇದೆ. 'ಸ್ಪೀಕಿಂಗ್ ಆಫ್ ಶಿವ'ದ ಪ್ರತಿಯಲ್ಲಿ ಅಜ್ಜ ಅನುವಾದದ ಪಕ್ಕದಲ್ಲಿ ಪೆನ್ಸಿಲಿನಿಂದ ಮೂಲ ವಚನಗಳನ್ನು ಬರೆದಿದ್ದಾರೆ. ಆದರೆ ಅದರ ಹಾಳೆಗಳು ಒಂದೊಂದೇ ಕೈಗೆ ಬರುತ್ತಿವೆ. ಇವು ಲಕ್ಷಗಟ್ಟಲೆ ಬಾಳುತ್ತವೆ ಎಂದು ನನ್ನ ಅಳಿಯ ಹೇಳುತ್ತಾನೆ. ರದ್ದಿ ಅಂಗಡಿಯವರು ತೂಕಕ್ಕೆ ಕೇಳುತ್ತಿದ್ದಾರೆ. ಊರಿನ ಬೈಂಡರ್ ಎಲ್ಲಕ್ಕೂ ಗಟ್ಟಿ ರಟ್ಟು, ಕ್ಯಾಲಿಕೊ ಬಟ್ಟೆ ಹಾಕಿ ನೂರು ವರ್ಷ ಬಾಳುವಂತೆ ಮಾಡಿಕೊಡುತ್ತೇನೆ ಎನ್ನುತ್ತಾರೆ. ಪೆಂಗ್ವಿನ್ ಜಗತ್ತಿನ ಮೊದಲ ಪೇಪರ್‌ಬ್ಯಾಕ್ ಎಂಬುದು ನಿಜವೇ? ಅದನ್ನು ಕಟ್ಟಿದವರು ನಮ್ಮ ವಿ.ಕೆ. ಕೃಷ್ಣ ಮೆನನ್ ಎಂಬುದು ನಿಜವೇ? ನಿಷೇಧಿತ ಪುಸ್ತಕ ಮನೆಯಲ್ಲಿದ್ದರೆ ತೊಂದರೆಯುಂಟೇ? ನಾನು ಏನು ಮಾಡಲಿ?"

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಅಂಜಿಕೆಗಳು ಕಾಣುತ್ತವೆ. ಬೆಲೆಬಾಳುವ ವಸ್ತುವನ್ನು ತಿಳಿಯದೆ ಕಳೆದುಕೊಂಡುಬಿಟ್ಟೇನೆ ಎಂಬುದು ಒಂದು, ಅಜ್ಜನ ಕೈಯಲ್ಲಿ ಓಡಾಡಿದ ಪುಸ್ತಕಗಳು ನನ್ನ ಕಣ್ಣೆದುರೇ ಪುಡಿಯಾಗಿಹೋದರೆ ಎಂಬುದು ಇನ್ನೊಂದು. ವಿಶ್ವವಿದ್ಯಾಲಯವೊಂದರ ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳ ರಕ್ಷಣೆಯ ಕೆಲಸವನ್ನು ಮೂವತ್ತು ವರ್ಷ ಮಾಡಿದವನಾಗಿ ಹೇಳುವುದಾದರೆ, ಮೊದಲನೆಯದಕ್ಕೆ ಅಷ್ಟು ಅಂಜಬೇಕಿಲ್ಲ, ಎರಡನೆಯದಕ್ಕೆ ಸ್ವಲ್ಪ ಅಂಜಲೇಬೇಕು. ಎರಡಕ್ಕೂ ಉತ್ತರ ಈ ಪುಸ್ತಕಗಳನ್ನು ಯಾರು, ಯಾವಾಗ, ಹೇಗೆ ತಯಾರಿಸಿದರು ಎಂಬುದರಲ್ಲೇ ಇದೆ. ಆದ್ದರಿಂದ ತುಸು ಇತಿಹಾಸವನ್ನು ನೀವು ಸಹಿಸಿಕೊಳ್ಳಬೇಕು.

ಪೆಂಗ್ವಿನ್ ಜಗತ್ತಿನ ಮೊದಲ ಪೇಪರ್‌ಬ್ಯಾಕ್ ಅಲ್ಲ, ಅದರ ಹತ್ತಿರಕ್ಕೂ ಬರುವುದಿಲ್ಲ. ಜರ್ಮನಿಯ ಲೈಪ್‌ಜಿಗ್‌ನ ಟೌಕ್ನಿಟ್ಸ್ ಸಂಸ್ಥೆ 1841ರಿಂದಲೇ ಇಂಗ್ಲಿಷ್ ಲೇಖಕರ ಪುಸ್ತಕಗಳನ್ನು ಕಾಗದದ ಹೊದಿಕೆಯಲ್ಲಿ ಅಚ್ಚು ಹಾಕಿ ಯುರೋಪಿನ ಪ್ರಯಾಣಿಕರಿಗೆ ಮಾರುತ್ತಿತ್ತು. ರೆಕ್ಲಾಮ್ ಎಂಬ ಇನ್ನೊಂದು ಜರ್ಮನ್ ಮಾಲೆ 1867ರಲ್ಲಿ ಶುರುವಾಯಿತು. ನಮ್ಮ ದೇಶದಲ್ಲೇ ಅಲಹಾಬಾದಿನ ಎ.ಎಚ್. ವೀಲರ್ ಸಂಸ್ಥೆ 1888ರಲ್ಲಿ ರೈಲ್ವೆ ಪ್ರಯಾಣಿಕರಿಗಾಗಿ ಕಿಪ್ಲಿಂಗರ ಕಥೆಗಳನ್ನು ಕಾಗದದ ಹೊದಿಕೆಯಲ್ಲಿ ಒಂದು ರೂಪಾಯಿಗೆ ಕೊಟ್ಟಿತ್ತು. ಇಂದಿಗೂ ಹಲವು ರೈಲು ನಿಲ್ದಾಣಗಳಲ್ಲಿ ಆ ಹೆಸರಿನ ಅಂಗಡಿಯನ್ನು ನೀವು ನೋಡಿರಬಹುದು. ಇವೆಲ್ಲಕ್ಕಿಂತ ಪೆಂಗ್ವಿನ್‌ಗೆ ಹತ್ತಿರದ ಸಂಬಂಧಿಯೆಂದರೆ 1932ರಲ್ಲಿ ಆರಂಭವಾದ ಆಲ್ಬಟ್ರಾಸ್ ಪುಸ್ತಕಮಾಲೆ. ಅದರ ಗುರುತೂ ಒಂದು ಕಡಲಹಕ್ಕಿ, ಅದರ ಹೊದಿಕೆಯ ಬಣ್ಣವೂ ವಿಷಯಕ್ಕೆ ತಕ್ಕಂತೆ ಬೇರೆ, ಅದರ ಅಳತೆಯೂ 181 × 111 ಮಿಲಿಮೀಟರ್. ನಿಮ್ಮ ಟ್ರಂಕಿನ ಯಾವುದಾದರೂ ಹಳೆಯ ಪೆಂಗ್ವಿನ್ ಮೇಲೆ ಅಳತೆಪಟ್ಟಿ ಇಟ್ಟು ನೋಡಿದರೆ ಹೆಚ್ಚುಕಡಿಮೆ ಅದೇ ಅಳತೆ ಸಿಗುತ್ತದೆ.

ಹಾಗಾದರೆ ಹೊಸತೇನಿತ್ತು? ಟೌಕ್ನಿಟ್ಸ್, ಆಲ್ಬಟ್ರಾಸ್ ಪುಸ್ತಕಗಳನ್ನು ಬ್ರಿಟನ್ನಿನ ಒಳಗೆ ತರುವಂತಿರಲಿಲ್ಲ. ಕೃತಿಸ್ವಾಮ್ಯದ ಒಪ್ಪಂದದ ಪ್ರಕಾರ ಆ ನಿರ್ಬಂಧವನ್ನು ಹೊದಿಕೆಯ ಮೇಲೆಯೇ ಅಚ್ಚು ಹಾಕಲಾಗುತ್ತಿತ್ತು. ಅಂದರೆ ಪ್ಯಾರಿಸ್ಸಿನಲ್ಲಿ ಕುಳಿತ ಇಂಗ್ಲಿಷ್ ಓದುಗನಿಗೆ ಸಮಕಾಲೀನ ಇಂಗ್ಲಿಷ್ ಕಾದಂಬರಿ ಅಗ್ಗಕ್ಕೆ ಸಿಗುತ್ತಿತ್ತು, ಲಂಡನ್ನಿನ ಓದುಗನಿಗೆ ಸಿಗುತ್ತಿರಲಿಲ್ಲ. ಅಲ್ಲಿ ಹೊಸ ಕಾದಂಬರಿಯ ಬೆಲೆ ಏಳೂವರೆ ಷಿಲಿಂಗ್. ಈ ಕಂದರಕ್ಕೆ ಸೇತುವೆ ಕಟ್ಟಿದವರು ಆಲನ್ ಲೇನ್. 1902ರಲ್ಲಿ ಬ್ರಿಸ್ಟಲ್‌ನಲ್ಲಿ ಹುಟ್ಟಿದ ಅವರು ಹದಿಹರೆಯದಲ್ಲೇ ಬಂಧುವಾದ ಜಾನ್ ಲೇನರ 'ದಿ ಬಾಡ್ಲಿ ಹೆಡ್' ಪ್ರಕಾಶನವನ್ನು ಸೇರಿದವರು. ಅಗಾಥಾ ಕ್ರಿಸ್ಟಿಯವರನ್ನು ಕಂಡು ಮರಳುವಾಗ ಎಕ್ಸಿಟರ್ ರೈಲು ನಿಲ್ದಾಣದಲ್ಲಿ ಓದಲು ಯೋಗ್ಯವಾದದ್ದೇನೂ ಸಿಗದೆ ಅವರಿಗೆ ಈ ಯೋಚನೆ ಹೊಳೆಯಿತು ಎಂಬ ಕಥೆಯನ್ನು ನಿಮ್ಮ ಅಳಿಯ ಎಲ್ಲೋ ಓದಿರಬಹುದು. ಅದು ಕಂಪನಿಯೇ ಅಕ್ಕರೆಯಿಂದ ಸಾಕಿ ಬೆಳೆಸಿದ ಕಥೆ. ಅದನ್ನು ನಾನು ಸುಳ್ಳೆನ್ನುವುದಿಲ್ಲ, ಆದರೆ ಅಳತೆ, ಬಣ್ಣ, ಹಕ್ಕಿ ಮೂರೂ ಆಲ್ಬಟ್ರಾಸ್‌ನಲ್ಲಿ ಮೊದಲೇ ಇದ್ದಾಗ ನಿಲ್ದಾಣದ ಹೊಳಹಿಗೆ ಎಷ್ಟು ಶ್ರೇಯ ಕೊಡಬೇಕೆಂಬುದನ್ನು ನೀವೇ ಲೆಕ್ಕ ಹಾಕಿ. ಲೇನರ ನಿಜವಾದ ಧೈರ್ಯವಿದ್ದದ್ದು ಬೆಲೆಯಲ್ಲಿ. 1935ರ ಜುಲೈ 30ರಂದು ಹೊರಬಂದ ಮೊದಲ ಹತ್ತು ಪುಸ್ತಕಗಳಿಗೆ ಅವರಿಟ್ಟದ್ದು ತಲಾ ಆರು ಪೆನ್ಸ್. ಹನ್ನೆರಡು ಪೆನ್ಸ್‌ಗೆ ಒಂದು ಷಿಲಿಂಗ್ ಎಂಬ ಅಂದಿನ ಲೆಕ್ಕದಲ್ಲಿ ಅದು ಹೊಸ ಕಾದಂಬರಿಯ ಬೆಲೆಯ ಹದಿನೈದರಲ್ಲಿ ಒಂದು ಪಾಲು. ಆ ಬೆಲೆಗೆ ಪುಸ್ತಕ ಕೊಟ್ಟು ನಷ್ಟವಾಗಬಾರದೆಂದರೆ ಒಂದೊಂದನ್ನೂ ಹತ್ತಾರು ಸಾವಿರ ಪ್ರತಿ ಮಾರಲೇಬೇಕು. ಪುಸ್ತಕದಂಗಡಿಗಳು ಹಿಂಜರಿದವು. ಆರು ಪೆನ್ಸ್ ದಾಟದ ಸಾಮಾನುಗಳನ್ನೇ ಮಾರುತ್ತಿದ್ದ ವುಲ್‌ವರ್ತ್ ಅಂಗಡಿ ಸರಣಿಯಿಂದ 63,500 ಪ್ರತಿಗಳಿಗೆ ಬೇಡಿಕೆ ಬಂದ ಮೇಲೆಯೇ ಆ ಯೋಜನೆಗೆ ಉಸಿರು ಬಂತು. ಸಾಬೂನು, ಬಾಚಣಿಗೆಗಳ ಪಕ್ಕದಲ್ಲಿ ಕಾದಂಬರಿ!

ಈ ಲೆಕ್ಕವೇ ನಿಮ್ಮ ಅಳಿಯನ ಮಾತಿಗೆ ಉತ್ತರ. ಹಳೆಯ ಪುಸ್ತಕದ ಬೆಲೆಯನ್ನು ನಿರ್ಧರಿಸುವುದು ವಯಸ್ಸಲ್ಲ. ಬೇಕೆನ್ನುವವರು ಎಷ್ಟು ಜನ, ಉಳಿದಿರುವ ಪ್ರತಿಗಳೆಷ್ಟು ಎಂಬುದು. ಪೆಂಗ್ವಿನ್ ಹುಟ್ಟಿದ್ದೇ ವಿರಳವಾಗದಿರಲು. ಇನ್ನೊಂದು ಮಾತನ್ನೂ ಗಮನಿಸಬೇಕು. ಮೊದಲ ಹತ್ತೂ ಆಗಲೇ ರಟ್ಟಿನ ಹೊದಿಕೆಯಲ್ಲಿ ಬಂದಿದ್ದ ಪುಸ್ತಕಗಳ ಮರುಮುದ್ರಣಗಳು. ಹೆಮಿಂಗ್ವೇಯವರ 'ಎ ಫೇರ್‌ವೆಲ್ ಟು ಆರ್ಮ್ಸ್' ಮೊದಲು ಪ್ರಕಟವಾದದ್ದು 1929ರಲ್ಲಿ. ಆದ್ದರಿಂದ ಪೆಂಗ್ವಿನ್‌ನ ಮೊದಲ ಮುದ್ರಣ ಎಂಬುದು ಆ ಕೃತಿಯ ಮೊದಲ ಆವೃತ್ತಿ ಅಲ್ಲ, ಮತ್ತು ಹಣವಂತ ಸಂಗ್ರಾಹಕರು ಹುಡುಕುವುದು ಕೃತಿಯ ಮೊದಲ ಆವೃತ್ತಿಯನ್ನು.

ಹಾಗೆಂದು ನಿಮ್ಮ ಎರಡನೆಯ ಸಂಖ್ಯೆಯ ಪುಸ್ತಕವನ್ನು ಪಕ್ಕಕ್ಕೆ ಸರಿಸಬೇಡಿ, ಪರೀಕ್ಷಿಸಿ. ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಪೆಂಗ್ವಿನ್‌ನಲ್ಲಿ ಮೊದಲು ಪ್ರಕಟವಾದದ್ದು 1935 ಎಂಬ ಸಾಲಿನ ಕೆಳಗೆ ಮರುಮುದ್ರಣಗಳ ಸಾಲುಗಳಿವೆಯೇ ನೋಡಿ. ಇದ್ದರೆ ನಿಮ್ಮ ಪ್ರತಿ ಅಚ್ಚಾದದ್ದು 1935ರಲ್ಲಲ್ಲ, ಆ ಪಟ್ಟಿಯ ಕೊನೆಯ ಸಾಲು ಹೇಳುವ ದಿನಾಂಕದಲ್ಲಿ. ನನ್ನ ಬಳಿಗೆ 1935ರ ಪೆಂಗ್ವಿನ್ ಎಂದು ಬಂದ ಹೆಚ್ಚಿನ ಪ್ರತಿಗಳ ಕಥೆ ಇದೇ. ಮುಖಪುಟದ ಬುಡದಲ್ಲಿ 'ದಿ ಬಾಡ್ಲಿ ಹೆಡ್' ಎಂದಿದೆಯೇ ಎಂಬುದು ಎರಡನೆಯ ಪರೀಕ್ಷೆ. ಪೆಂಗ್ವಿನ್ ಬುಕ್ಸ್ ಪ್ರತ್ಯೇಕ ಕಂಪನಿಯಾದದ್ದು 1936ರ ಜನವರಿಯಲ್ಲಿ, 100 ಪೌಂಡ್ ಬಂಡವಾಳದಲ್ಲಿ. ಅದಕ್ಕೂ ಮೊದಲಿನ ಪುಸ್ತಕಗಳು ಹಳೆಯ ಪ್ರಕಾಶನದ ಹೆಸರನ್ನು ಹೊತ್ತಿದ್ದವು. ಮೂರನೆಯದು ಜಾಕೆಟ್. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಪೆಂಗ್ವಿನ್‌ಗಳಿಗೆ ಕಾಗದದ ಹೊದಿಕೆಯ ಮೇಲೆ ಅದೇ ವಿನ್ಯಾಸದ ಇನ್ನೊಂದು ಸಡಿಲ ಜಾಕೆಟ್ ಇರುತ್ತಿತ್ತೆಂಬುದು ಬಹಳ ಜನರಿಗೆ ತಿಳಿದಿಲ್ಲ. ಆರು ಪೆನ್ಸಿನ ಪುಸ್ತಕದ ಜಾಕೆಟ್ಟನ್ನು ಯಾರು ಜೋಪಾನ ಮಾಡುತ್ತಾರೆ? ಹಾಗಾಗಿ ಪುಸ್ತಕ ಉಳಿಯಿತು, ಜಾಕೆಟ್ ಉಳಿಯಲಿಲ್ಲ. ಮೊದಲ ಹತ್ತರಲ್ಲೊಂದು, ಮೊದಲ ಮುದ್ರಣ, ಜಾಕೆಟ್ ಸಮೇತ, ಶುಭ್ರ ಸ್ಥಿತಿ ಎಂಬ ನಾಲ್ಕೂ ಕೂಡಿದರೆ ಸಂಗ್ರಾಹಕರು ನಿಜವಾಗಿಯೂ ಒಳ್ಳೆಯ ಬೆಲೆ ಕೊಡುತ್ತಾರೆ. ನಾಲ್ಕರಲ್ಲಿ ಒಂದು ತಪ್ಪಿದರೂ ಬೆಲೆ ಬಹಳ ಕೆಳಗಿಳಿಯುತ್ತದೆ.

ಬಣ್ಣಗಳಿಗೂ ಬೆಲೆಗೂ ಸಂಬಂಧವಿಲ್ಲ. ಕಿತ್ತಳೆ ಎಂದರೆ ಕಾದಂಬರಿ, ಹಸಿರು ಪತ್ತೇದಾರಿ, ಕಡುನೀಲಿ ಜೀವನಚರಿತ್ರೆ, ಗುಲಾಬಿಗೆಂಪು ಪ್ರವಾಸ ಮತ್ತು ಸಾಹಸ, ಕೆಂಪು ನಾಟಕ. ಇದನ್ನೂ ಮೊದಲ ಪೆಂಗ್ವಿನ್ ಚಿತ್ರವನ್ನೂ ರೂಪಿಸಿದವರು ಎಡ್ವರ್ಡ್ ಯಂಗ್ ಎಂಬ ಇಪ್ಪತ್ತೊಂದರ ತರುಣ. ಲಂಡನ್ನಿನ ಮೃಗಾಲಯಕ್ಕೆ ಹೋಗಿ ಹಕ್ಕಿಗಳನ್ನು ನೋಡಿ ಬರೆದುಕೊಂಡು ಬಂದರಂತೆ.

ಇನ್ನು ತಿಳಿನೀಲಿ ಬಣ್ಣದವು. ಇವು ಪೆಲಿಕನ್ ಮಾಲೆಯವು, ಮತ್ತು ಕೃಷ್ಣ ಮೆನನ್ ಅವರ ಪ್ರಶ್ನೆ ಬರುವುದು ಇಲ್ಲಿಯೇ. ಅವರು ಪೆಂಗ್ವಿನ್ ಸ್ಥಾಪಕರಲ್ಲ. ಆ ಕಂಪನಿಯನ್ನು ಕಟ್ಟಿದವರು ಆಲನ್ ಲೇನ್ ಮತ್ತು ಅವರ ಸೋದರರಾದ ರಿಚರ್ಡ್, ಜಾನ್. ಆದರೆ ಈ ಗಾಳಿಮಾತಿನಲ್ಲಿ ಒಂದು ಹಿಡಿ ಸತ್ಯವಿದೆ. ಲಂಡನ್ನಿನಲ್ಲಿದ್ದ ಮೆನನ್ ಬಾಡ್ಲಿ ಹೆಡ್ ಪ್ರಕಾಶನಕ್ಕಾಗಿ ಆಗಲೇ ಒಂದು ಗಂಭೀರ ವಿಚಾರಗಳ ಮಾಲೆಯನ್ನು ಸಂಪಾದಿಸಿದ್ದರು. 1937ರಲ್ಲಿ ಲೇನ್ ಪೆಲಿಕನ್ ಆರಂಭಿಸಿದಾಗ ಮೊದಲ ಸಂಪಾದಕರ ಗುಂಪಿನಲ್ಲಿ ಅವರೂ ಇದ್ದರು. ಅರ್ಥಶಾಸ್ತ್ರ, ವಿಜ್ಞಾನ, ಇತಿಹಾಸಗಳನ್ನು ಬಲ್ಲವರಿಂದ ಸಾಮಾನ್ಯರಿಗಾಗಿ ಬರೆಸಿ ಅದೇ ಆರು ಪೆನ್ಸಿಗೆ ಕೊಡುವುದು ಆ ಮಾಲೆಯ ಉದ್ದೇಶ. ಬರ್ನಾರ್ಡ್ ಷಾ ಅವರ ಸಮಾಜವಾದವನ್ನು ಕುರಿತ ಎರಡು ಸಂಪುಟಗಳ ಗ್ರಂಥದಿಂದ ಅದು ಶುರುವಾಯಿತು. ಮೆನನ್ ಮತ್ತು ಲೇನ್ ಸ್ವಭಾವಗಳು ಹೊಂದಲಿಲ್ಲ. ಹೆಚ್ಚು ಕಾಲವಾಗುವ ಮೊದಲೇ ಇಬ್ಬರೂ ಬೇರೆಯಾದರು. ಮುಂದೆ ಭಾರತದ ರಕ್ಷಣಾ ಸಚಿವರಾಗಲಿದ್ದವರು ಆರು ಪೆನ್ಸಿನ ಪುಸ್ತಕಗಳ ಹಸ್ತಪ್ರತಿ ತಿದ್ದುತ್ತಿದ್ದರು ಎಂಬುದೇ ಸಾಕಷ್ಟು ಸ್ವಾರಸ್ಯಕರವಾಗಿರುವಾಗ ಅದನ್ನು ಹಿಗ್ಗಿಸುವ ಅಗತ್ಯವೇನೋ ನನಗೆ ತಿಳಿಯದು. ಸಂಗ್ರಹದ ದೃಷ್ಟಿಯಿಂದಲೂ ಪೆಲಿಕನ್‌ಗಳು ಗಮನಾರ್ಹ: ಇವುಗಳಲ್ಲಿ ಹಲವು ಮರುಮುದ್ರಣಗಳಲ್ಲ, ಆ ಮಾಲೆಗೆಂದೇ ಬರೆದವು. ಅಂಥವುಗಳಲ್ಲಿ ನಿಮ್ಮ ಕೈಯಲ್ಲಿರುವ ಕಾಗದದ ಹೊದಿಕೆಯ ಪ್ರತಿಯೇ ಕೃತಿಯ ನಿಜವಾದ ಮೊದಲ ಆವೃತ್ತಿಯಾಗಿರಬಹುದು.

'ಲೇಡಿ ಚಾಟರ್ಲಿ'ಯ ಬಗ್ಗೆ ನಿಮಗಿರುವ ಭಯಕ್ಕೆ ಬರುತ್ತೇನೆ. ಅದರ ಲೇಖಕ ಡಿ.ಎಚ್. ಲಾರೆನ್ಸ್ ತೀರಿಕೊಂಡು ಮೂವತ್ತು ವರ್ಷವಾದ ಸಂದರ್ಭದಲ್ಲಿ, ಅಂದರೆ 1960ರಲ್ಲಿ, ಪೆಂಗ್ವಿನ್ ಈ ಕಾದಂಬರಿಯನ್ನು ಕತ್ತರಿ ಹಾಕದೆ ಅಚ್ಚು ಮಾಡಿ 2 ಲಕ್ಷ ಪ್ರತಿಗಳನ್ನು ಗೋದಾಮಿನಲ್ಲಿ ತಡೆದಿಟ್ಟುಕೊಂಡು, ಹನ್ನೆರಡು ಪ್ರತಿಗಳನ್ನು ತಾನಾಗಿಯೇ ಪೊಲೀಸರ ಕೈಗಿತ್ತಿತು. ಅಶ್ಲೀಲತೆಯ ಆರೋಪಕ್ಕೆ ಸಾಹಿತ್ಯಿಕ ಮೌಲ್ಯವನ್ನು ಪ್ರತಿವಾದವಾಗಿ ಮುಂದಿಡಲು 1959ರ ಹೊಸ ಕಾಯಿದೆ ಅವಕಾಶ ಕೊಟ್ಟಿತ್ತು. ಅದನ್ನು ಪರೀಕ್ಷೆಗೊಡ್ಡುವುದೇ ಉದ್ದೇಶ. ನಿಮ್ಮ ಹೆಂಡತಿಯೋ ನಿಮ್ಮ ಮನೆಯಾಳುಗಳೋ ಓದಲಿ ಎಂದು ನೀವು ಬಯಸುವ ಪುಸ್ತಕವೇ ಇದು ಎಂದು ಸರ್ಕಾರದ ವಕೀಲರು ನ್ಯಾಯದರ್ಶಿಗಳನ್ನು (ಜ್ಯೂರಿಯನ್ನು) ಕೇಳಿದ್ದು ಆ ವಿಚಾರಣೆಯಲ್ಲೇ. ಒಂಬತ್ತು ಗಂಡಸರು, ಮೂವರು ಹೆಂಗಸರಿದ್ದ ಆ ನ್ಯಾಯದರ್ಶಿ ಮಂಡಳಿ ನವೆಂಬರ್ 2ರಂದು ಪೆಂಗ್ವಿನ್ ನಿರ್ದೋಷಿ ಎಂದಿತು. ಪುಸ್ತಕ ನವೆಂಬರ್ 10ರಂದು ಮಾರಾಟಕ್ಕೆ ಬಂದು, ಕೆಲವೇ ವಾರಗಳಲ್ಲಿ ಇಪ್ಪತ್ತು ಲಕ್ಷ ಪ್ರತಿಗಳು ಹೋದವು. ನಿಮ್ಮ ಪ್ರತಿಯಲ್ಲಿ ಆ ಹನ್ನೆರಡು ನ್ಯಾಯದರ್ಶಿಗಳಿಗೆ ಪ್ರಕಾಶಕರ ಅರ್ಪಣೆ ಇದ್ದರೆ ಅದು 1961ರ ಎರಡನೆಯ ಆವೃತ್ತಿ ಅಥವಾ ಅದರ ನಂತರದ್ದು; ಇಲ್ಲದಿದ್ದರೆ 1960ರದ್ದಿರಬಹುದು. ಎರಡಕ್ಕೂ ದೊಡ್ಡ ಬೆಲೆಯಿಲ್ಲ, ಕಾರಣವನ್ನು ಈಗಾಗಲೇ ಹೇಳಿದ್ದೇನೆ: ಖ್ಯಾತಿ ಬೇರೆ, ವಿರಳತೆ ಬೇರೆ.

ಭಾರತದಲ್ಲಿ ಕಥೆ ಬೇರೆಯ ದಾರಿ ಹಿಡಿಯಿತು. ಇದೇ ಕಾದಂಬರಿಯ ಕತ್ತರಿ ಹಾಕದ ಪಠ್ಯವನ್ನು ಮಾರಿದ್ದಕ್ಕಾಗಿ ಮುಂಬಯಿಯ ಪುಸ್ತಕ ವ್ಯಾಪಾರಿಯೊಬ್ಬರಿಗೆ ಆಗಿದ್ದ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 1964ರಲ್ಲಿ ಎತ್ತಿಹಿಡಿಯಿತು. ನಿಮ್ಮ ಅಜ್ಜ ಅದನ್ನು ಟ್ರಂಕಿನ ತಳದಲ್ಲಿ ಇಟ್ಟಿದ್ದರೆ ಅದಕ್ಕೆ ಕಾರಣವಿತ್ತು. ನಾನು ವಕೀಲನಲ್ಲ, ಆದರೂ ಅಶ್ಲೀಲತೆಯನ್ನು ಕುರಿತ ನಮ್ಮ ಕಾಯಿದೆಯ ಕಲಮು ಗುರಿಯಿಟ್ಟದ್ದು ಮಾರಾಟ, ಬಾಡಿಗೆ, ಹಂಚಿಕೆ, ಪ್ರದರ್ಶನ ಮತ್ತು ಅವುಗಳಿಗಾಗಿ ಇಟ್ಟುಕೊಳ್ಳುವುದರ ಮೇಲೆ. ಮನೆಯ ಕಪಾಟಿನಲ್ಲಿ ಓದಲು ಇಟ್ಟುಕೊಂಡ ಪ್ರತಿಯ ಮೇಲಲ್ಲ. ಅಶ್ಲೀಲತೆಯನ್ನು ಅಳೆಯುವ ಹಳೆಯ ಇಂಗ್ಲಿಷ್ ಮಾನದಂಡವನ್ನು ಸುಪ್ರೀಂ ಕೋರ್ಟ್ 2014ರಲ್ಲಿ ಬದಿಗಿಟ್ಟಿತು. ಈ ಕಾದಂಬರಿ ಇಂದು ನಮ್ಮ ಅಂಗಡಿಗಳಲ್ಲಿ ರಾಜಾರೋಷವಾಗಿ ಸಿಗುತ್ತದೆ. ನಿಶ್ಚಿಂತೆಯಿಂದಿರಿ.

ಈಗ ಹಾಳೆ, ಹೊಲಿಗೆ, ಅಂಟುಗಳ ವಿಷಯ. ನಾನು ನಿಜವಾಗಿ ಬಲ್ಲದ್ದು ಇದೇ. ನಿಮ್ಮ 160 ಪುಸ್ತಕಗಳಿಗೆ ಒಂದೇ ಕಾಯಿಲೆ ಇಲ್ಲ. ಅವು ಮೂರು ಕಾಲದಲ್ಲಿ ಮೂರು ರೀತಿಯಲ್ಲಿ ತಯಾರಾದವು, ಆದ್ದರಿಂದ ಮೂರು ರೀತಿಯಲ್ಲಿ ಸಾಯುತ್ತವೆ.

ಯುದ್ಧಕ್ಕೆ ಮುಂಚಿನವು ಅಗ್ಗದವಾದರೂ ನೂಲಿನಿಂದ ಫಾರಂ ಫಾರಂ ಆಗಿ, ಅಂದರೆ ಮಡಚಿದ ಹಾಳೆಗಳ ಒಂದೊಂದೇ ಕಟ್ಟಾಗಿ, ಹೊಲಿದವು. ಹಾಳೆ ಕಂದಿದ್ದರೂ ಮೈಕಟ್ಟು ಬಿಗಿಯಾಗಿರುತ್ತದೆ. 1940ರಲ್ಲಿ ಬ್ರಿಟನ್ನಿನಲ್ಲಿ ಕಾಗದಕ್ಕೆ ಪಡಿತರ ಬಂತು. ಯುದ್ಧಪೂರ್ವದ ಬಳಕೆಯ ಆಧಾರದಲ್ಲಿ ಕೋಟಾ ನಿಗದಿಯಾದದ್ದರಿಂದ, ಆಗಷ್ಟೇ ಭರಾಟೆಯಿಂದ ಅಚ್ಚು ಹಾಕುತ್ತಿದ್ದ ಪೆಂಗ್ವಿನ್‌ಗೆ ಇತರರಿಗಿಂತ ಒಳ್ಳೆಯ ಪಾಲು ಸಿಕ್ಕಿತು. ಕಂಪನಿ ಯುದ್ಧಕಾಲದಲ್ಲಿ ಬಲಿತದ್ದಕ್ಕೆ ಇದೂ ಒಂದು ಕಾರಣ. ಆದರೆ ಕಾಗದದ ಗುಣಮಟ್ಟ ಕುಸಿಯಿತು, ಅಂಚಿನ ಬಿಳಿ ಜಾಗ ಕಿರಿದಾಯಿತು, ನೂಲಿನ ಬದಲು ಪಕ್ಕದಿಂದ ತಂತಿಯ ಪಿನ್ನು ಹೊಡೆದ ಪ್ರತಿಗಳು ಹೆಚ್ಚಿದವು. ಓದಿ ಮುಗಿದ ಮೇಲೆ ಅಂಚೆ ಕಚೇರಿಯಲ್ಲಿ ಬಿಟ್ಟರೆ ಸೈನಿಕರಿಗೆ ತಲುಪುತ್ತದೆ ಎಂಬ ಸೂಚನೆ ಆ ಕಾಲದ ಅನೇಕ ಪ್ರತಿಗಳಲ್ಲಿದೆ; ನಿಮ್ಮಲ್ಲೂ ಇರಬಹುದು, ಹುಡುಕಿ ನೋಡಿ. ಆ ಕಾಲದ ಕಾಗದ ಮರವನ್ನು ಅರೆದು ಮಾಡಿದ ತಿರುಳಿನದು. ಅದರಲ್ಲಿ ಉಳಿದ ಲಿಗ್ನಿನ್ ಎಂಬ ಅಂಶ ಬೆಳಕು, ಗಾಳಿಗೆ ಕಂದು ತಿರುಗುತ್ತದೆ. ಶಾಯಿ ಹರಡದಂತೆ ಕಾಗದಕ್ಕೆ ಸೇರಿಸಿದ ಪಟಿಕವು ಆಮ್ಲವನ್ನು ಹುಟ್ಟಿಸಿ ನಾರನ್ನು ತುಂಡರಿಸುತ್ತದೆ. ಸೆಕೆ ಮತ್ತು ತೇವ ಸೇರಿದಲ್ಲಿ ಈ ಕ್ರಿಯೆ ಇನ್ನೂ ಚುರುಕು. ಪಿನ್ನು ತುಕ್ಕು ಹಿಡಿದು ಸುತ್ತಲಿನ ಕಾಗದವನ್ನು ತಿನ್ನುತ್ತದೆ. ಅಟ್ಟದ ಮೇಲೆ ಹಂಚಿನ ಕೆಳಗೆ ಬೇಸಿಗೆ, ಮಳೆಗಾಲ ಎರಡನ್ನೂ ಉಂಡ ಟ್ರಂಕು ಇದಕ್ಕೆಲ್ಲ ಹೇಳಿ ಮಾಡಿಸಿದ ಜಾಗ.

ಮೂರನೆಯ ಗುಂಪು 1960ರ ದಶಕದಿಂದೀಚಿನದು. ಹೊಲಿಗೆಯನ್ನು ಬಿಟ್ಟು ಫಾರಂಗಳ ಬೆನ್ನನ್ನೇ ಕತ್ತರಿಸಿ ಬಿಡಿ ಹಾಳೆಗಳಾಗಿ ಮಾಡಿ, ಅಂಟು ಬಳಿದು ಹೊದಿಕೆಗೆ ಕೂರಿಸುವ ಪದ್ಧತಿ ಆಗ ವ್ಯಾಪಕವಾಯಿತು. ಇದಕ್ಕೆ ಪರ್ಫೆಕ್ಟ್ ಬೈಂಡಿಂಗ್ ಎಂದು ಹೆಸರು. ಹೆಸರಿಟ್ಟವರಿಗೆ ಹಾಸ್ಯಪ್ರಜ್ಞೆ ಇದ್ದಿರಬೇಕು. ಅಂಟು ಒಣಗಿದ ಮೇಲೆ ಪುಸ್ತಕವನ್ನು ಪೂರ್ತಿ ತೆರೆದರೆ ಬೆನ್ನು ಪಟ್ಟೆಂದು ಸೀಳುತ್ತದೆ. ನಿಮ್ಮ 'ಸ್ಪೀಕಿಂಗ್ ಆಫ್ ಶಿವ' ಉದುರುತ್ತಿರುವುದು ಅಜ್ಜ ಹೆಚ್ಚು ಓದಿದ್ದರಿಂದ ಮಾತ್ರವಲ್ಲ, ಅದನ್ನು ಕಟ್ಟಿದ ರೀತಿಯಿಂದ. ಹೊಲಿಗೆಯ ಪುಸ್ತಕವನ್ನು ಮರಳಿ ಹೊಲಿಯಬಹುದು. ಇದರಲ್ಲಿ ಹೊಲಿಯಲು ಮಡಿಕೆಯೇ ಇಲ್ಲ.

ನಿಮ್ಮ ಬೈಂಡರ್ ಕೊಟ್ಟ ಭರವಸೆ ಪ್ರಾಮಾಣಿಕವೇ ಇರಬಹುದು, ಆದರೂ ಒಪ್ಪಬೇಡಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಮೂವತ್ತಕ್ಕೂ ಹೆಚ್ಚು ಹಳೆಯ ಪೆಲಿಕನ್‌ಗಳನ್ನು ಕಟ್ಟಲು ಕಳಿಸಿದ್ದೆ. ಅಚ್ಚುಕಟ್ಟಾದ ಕ್ಯಾಲಿಕೊ, ಬೆನ್ನಿಗೆ ಬಂಗಾರದ ಅಕ್ಷರ, ಎಲ್ಲವೂ ಚೆನ್ನಾಗಿ ಬಂದವು. ಒಳಗೆ ನೋಡಿದರೆ ಮೂಲ ಮುಖಪುಟಗಳಿಲ್ಲ, ಹಿಂದಿನ ಜಾಹೀರಾತಿನ ಪುಟಗಳಿಲ್ಲ, ಅಂಚು ಸಮ ಮಾಡಲು ಕತ್ತರಿಸಿದ್ದರಿಂದ ಕೆಲವೆಡೆ ಅಡಿಟಿಪ್ಪಣಿಯ ಕೊನೆಯ ಸಾಲೂ ಹೋಗಿತ್ತು. ಬೈಂಡರ್ ತನಗೆ ಗೊತ್ತಿದ್ದ ಕೆಲಸವನ್ನು ಸರಿಯಾಗಿಯೇ ಮಾಡಿದ್ದರು. ಹೇಳದೆ ಕಳಿಸಿದ ತಪ್ಪು ನನ್ನದು. ಮುಖಪುಟವೇ ಹೋದ ಮೇಲೆ ಅದು ಯಾವ ಮುದ್ರಣ, ಯಾವ ಬೆಲೆಯದು ಎಂದು ಹೇಳುವ ಅರ್ಧ ಸಾಕ್ಷ್ಯ ಹೋದಂತೆ. ಅದಕ್ಕಿಂತ ಮುಖ್ಯವಾಗಿ, ಪುಡಿಯಾಗುತ್ತಿರುವ ಹಾಳೆಗೆ ಗಟ್ಟಿ ಬೆನ್ನು ಹಾಕಿದರೆ ತೆರೆದಾಗಲೆಲ್ಲ ಮಡಚುವ ಒತ್ತಡ ಪೂರಾ ಹಾಳೆಯ ಮೇಲೇ ಬಿದ್ದು ಅದು ಬುಡದಲ್ಲಿ ಮುರಿಯುತ್ತದೆ.

ಉಳಿಸಿಕೊಳ್ಳುವ ದಾರಿ ಹಿಡಿದರೆ ಮಾಡಬೇಕಾದದ್ದು ಕಡಿಮೆ, ಬಿಡಬೇಕಾದದ್ದು ಹೆಚ್ಚು. ಟ್ರಂಕನ್ನು ಅಟ್ಟದಿಂದ ಇಳಿಸಿ, ಮನೆಯಲ್ಲಿ ಜನ ಓಡಾಡುವ, ಹೊರಗೋಡೆಗೆ ತಾಗದ ಒಂದು ಕಪಾಟಿಗೆ ಪುಸ್ತಕಗಳನ್ನು ವರ್ಗಾಯಿಸಿ, ಹಿಂದೆ ಎರಡು ಬೆರಳಿನಷ್ಟು ಗಾಳಿಯಾಡುವ ಜಾಗ ಬಿಡಿ. ಒಣ ಕುಂಚದಿಂದ ಧೂಳು ತೆಗೆಯಿರಿ. ಒದ್ದೆ ಬಟ್ಟೆ ಬೇಡ, ಬಿಸಿಲಿಗೆ ಹಾಕುವುದಂತೂ ಬೇಡವೇ ಬೇಡ. ಹುಳು ಕೊರೆದ ಪುಡಿ ಕಂಡರೆ ಆ ಪುಸ್ತಕವನ್ನು ಪಾಲಿಥೀನ್ ಚೀಲದಲ್ಲಿ ಗಾಳಿ ಹೊರದೂಡಿ ಮುಚ್ಚಿ, ಎರಡು ವಾರ ಫ್ರೀಜರಿನಲ್ಲಿಟ್ಟು, ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚದೆ ಬಿಡಿ. ಬೇಗ ಬಿಚ್ಚಿದರೆ ತಣ್ಣಗಿನ ಕಾಗದದ ಮೇಲೆ ನೀರಿನ ಹನಿ ಕೂರುತ್ತದೆ. ತೇವವಿರುವ ಪುಸ್ತಕಕ್ಕೆ ಈ ಉಪಾಯ ಸಲ್ಲದು. ನುಸಿಗುಳಿಗೆಯ ಹೊಗೆ ಪುಸ್ತಕಕ್ಕಿಂತ ನಿಮ್ಮ ಶ್ವಾಸಕೋಶಕ್ಕೆ ಕೆಟ್ಟದ್ದು, ಹುಳುವನ್ನು ದೂರವಿಡುವುದೂ ಅಷ್ಟಕ್ಕಷ್ಟೆ. ಹರಿದ ಹಾಳೆಗೆ ಸೆಲ್ಲೋಟೇಪ್ ಹಚ್ಚಿದರೆ ಹತ್ತು ವರ್ಷದಲ್ಲಿ ಟೇಪು ಉದುರಿ ಅದರ ಅಂಟು ಕಂದು ಕಲೆಯಾಗಿ ಒಳಗಿಳಿದಿರುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಅದನ್ನು ಬಿಡಿಸಲು ಯಾರಿಂದಲೂ ಆಗದು. ಆಮ್ಲವನ್ನು ತಣಿಸುವ ರಾಸಾಯನಿಕ ಸಿಂಪಡಣೆಗಳಿವೆ, ಆದರೆ ಅವು ದುಬಾರಿ. ಕಂದಿದ ಬಣ್ಣವನ್ನಾಗಲಿ ಕಳೆದುಹೋದ ಬಲವನ್ನಾಗಲಿ ಮರಳಿ ತರುವುದಿಲ್ಲ. ಈ ಸಂಗ್ರಹಕ್ಕೆ ನಾನದನ್ನು ಸೂಚಿಸುವುದಿಲ್ಲ. ಯುದ್ಧಕಾಲದ ಪ್ರತಿಗಳ ತುಕ್ಕು ಹಿಡಿದ ಪಿನ್ನುಗಳನ್ನು ಮಾತ್ರ ಬಲ್ಲವರ ಕೈಯಲ್ಲಿ ಬಿಡಿಸಿ, ಅದೇ ರಂಧ್ರಗಳಲ್ಲಿ ನೂಲು ಕಟ್ಟಿಸಬಹುದು. ಇಕ್ಕಳ ಹಿಡಿದು ನೀವೇ ಎಳೆದರೆ ಮುಖಪುಟ ಹರಿದು ಬರುವ ಸಂಭವವೇ ಹೆಚ್ಚು.

ಮಾರುವುದಾದರೆ, ಅದರಲ್ಲಿ ತಪ್ಪೇನೂ ಇಲ್ಲ, ಮೊದಲು ಪಟ್ಟಿ ಮಾಡಿ: ಬೆನ್ನಿನ ಸಂಖ್ಯೆ, ಹೆಸರು, ಕೊನೆಯ ಮುದ್ರಣದ ವರ್ಷ, ಜಾಕೆಟ್ ಇದೆಯೇ, ಪಿನ್ನೋ ನೂಲೋ. ಈ ಪಟ್ಟಿಯಿಲ್ಲದೆ ಯಾರಿಗೂ ಬೆಲೆ ಹೇಳಬೇಡಿ, ಯಾರ ಬೆಲೆಗೂ ಒಪ್ಪಬೇಡಿ. ಪೆಂಗ್ವಿನ್‌ಗಳನ್ನು ಸಂಖ್ಯೆಯ ಪ್ರಕಾರ ಪೂರ್ತಿ ಮಾಡುವ ಸಂಗ್ರಾಹಕರು ಬ್ರಿಟನ್ನಿನಲ್ಲಿ ಬಹಳ ಮಂದಿ; 1974ರಿಂದ ಅವರದೇ ಒಂದು ಸಂಘವಿದೆ, ಕಂಪನಿಯ ಹಳೆಯ ದಾಖಲೆಗಳನ್ನು ಬ್ರಿಸ್ಟಲ್ ವಿಶ್ವವಿದ್ಯಾಲಯ ಕಾಪಾಡುತ್ತಿದೆ. ಆದರೆ ಸಾಧಾರಣ ಪ್ರತಿಯೊಂದನ್ನು ಇಲ್ಲಿಂದ ಅಲ್ಲಿಗೆ ಕಳಿಸುವ ಅಂಚೆವೆಚ್ಚ ಅದರ ಬೆಲೆಯನ್ನೇ ನುಂಗಬಹುದು. ಬಿಡಿಬಿಡಿಯಾಗಿ ಮಾರಿದರೆ ಹತ್ತೋ ಹನ್ನೆರಡೋ ಒಳ್ಳೆಯವು ಹೋಗಿ ಉಳಿದವು ನಿಮ್ಮಲ್ಲೇ ಉಳಿಯುತ್ತವೆ. ಒಟ್ಟಿಗೆ ಮಾರಿದರೆ ಒಳ್ಳೆಯವುಗಳಿಗೆ ಸಲ್ಲಬೇಕಾದ ಬೆಲೆ ಸಿಗುವುದಿಲ್ಲ. ಬೆಂಗಳೂರಿನ ಹಳೆಪುಸ್ತಕದ ವ್ಯಾಪಾರಿಗಳಲ್ಲಿ ಇಬ್ಬರಿಗಾದರೂ ಪಟ್ಟಿ ತೋರಿಸಿ ಹೋಲಿಸಿ ನೋಡಿ. ರದ್ದಿಯ ತೂಕಕ್ಕಂತೂ ಕೊಡಬೇಡಿ. ಗ್ರಂಥಾಲಯಕ್ಕೆ ಕೊಡುವ ಯೋಚನೆ ನಿಮಗೆ ಉದಾತ್ತವಾಗಿ ಕಾಣಬಹುದು. ಗ್ರಂಥಾಲಯದ ಒಳಗಿದ್ದವನಾಗಿ ಹೇಳುತ್ತೇನೆ, ಕೇಳದೆ ಕೊಟ್ಟ ಪುಸ್ತಕಗಳು ಗೋಣಿಚೀಲದಲ್ಲೇ ಉಳಿದು, ಐದಾರು ವರ್ಷದ ಮೇಲೆ ನೀವು ಕೊಡದ ಅದೇ ರದ್ದಿ ಅಂಗಡಿಗೆ ಹೋದದ್ದನ್ನು ಕಂಡಿದ್ದೇನೆ. ಪಟ್ಟಿ ಕಳಿಸಿ, ಯಾವುದು ಬೇಕೆಂದು ಅವರಿಂದ ಬರಹದಲ್ಲಿ ತಿಳಿದುಕೊಂಡ ಮೇಲಷ್ಟೇ ಕೊಡಿ.

ಕೊನೆಗೆ ಆ ಒಂದು ಪುಸ್ತಕ. ಮೈಸೂರಿನ ಎ.ಕೆ. ರಾಮಾನುಜನ್ ಷಿಕಾಗೊ ವಿಶ್ವವಿದ್ಯಾಲಯದಲ್ಲಿದ್ದಾಗ ದೇವರ ದಾಸಿಮಯ್ಯ, ಬಸವಣ್ಣ, ಅಕ್ಕಮಹಾದೇವಿ, ಅಲ್ಲಮಪ್ರಭುಗಳ ವಚನಗಳನ್ನು ಇಂಗ್ಲಿಷಿಗೆ ತಂದ 'ಸ್ಪೀಕಿಂಗ್ ಆಫ್ ಶಿವ' 1973ರಲ್ಲಿ ಪೆಂಗ್ವಿನ್ ಕ್ಲಾಸಿಕ್ಸ್‌ನಲ್ಲಿ ಪ್ರಕಟವಾಯಿತು. 1946ರಲ್ಲಿ ಹೋಮರನ ಗ್ರೀಕ್ ಮಹಾಕಾವ್ಯ 'ಒಡಿಸ್ಸಿ'ಯ ಅನುವಾದದಿಂದ ಆರಂಭವಾದ ಮಾಲೆಯದು. ಹೋಮರನ ಸಾಲಿನಲ್ಲಿ ಕನ್ನಡದ ವಚನಕಾರರು ಕುಳಿತದ್ದು ಆ ಮೂಲಕ. ಆ ಪುಸ್ತಕ ಮತ್ತೆ ಮತ್ತೆ ಅಚ್ಚಾಗಿದೆ, ಇಂದೂ ಸಿಗುತ್ತದೆ, ಮಾರುಕಟ್ಟೆಯ ಲೆಕ್ಕದಲ್ಲಿ ನಿಮ್ಮ ಉದುರುವ ಪ್ರತಿಗೆ ಬೆಲೆಯೇ ಇಲ್ಲ. ಅಂಚಿನಲ್ಲಿ ಮೇಷ್ಟರೊಬ್ಬರು ಮೂಲ ವಚನವನ್ನು ಅನುವಾದದ ಎದುರಿಗಿಟ್ಟು ಓದಿದ ಗುರುತಿರುವ ಪ್ರತಿ ಮಾತ್ರ ಇನ್ನೊಂದು ಸಿಗುವುದಿಲ್ಲ, ಮತ್ತು ಪಟ್ಟಿಯಲ್ಲಿ ಅದನ್ನು ಮಾರಾಟದ ಕಡೆಗೆ ಬರೆಯದಿರಿ ಎಂಬುದು ನನ್ನ ಸಲಹೆ. ಆ ಒಂದಕ್ಕೆ ಈ ವಾರವೇ ಹೀಗೆ ಮಾಡಿ. ಹಾಳೆಗಳನ್ನು ಪುಟಸಂಖ್ಯೆಯ ಕ್ರಮದಲ್ಲಿ ಜೋಡಿಸಿ, ಕಿಟಕಿಯ ಬೆಳಕಿನಲ್ಲಿ ಒಂದೊಂದು ಪುಟದ ಫೋಟೋ ತೆಗೆಯಿರಿ. ಪೆನ್ಸಿಲಿನ ಬರಹ ಮಂಕಾಗಿ ಕಂಡರೆ ಬೆಳಕು ಪಕ್ಕದಿಂದ ಬೀಳುವಂತೆ ಓರೆಯಾಗಿ ಹಿಡಿಯಿರಿ. ರಬ್ಬರ್ ಹಾಕಿ ಅಂಚು ಶುಚಿ ಮಾಡಬೇಡಿ. ಅಂಟು ಹಾಕಿ ಕೂರಿಸಲು ಹೋಗಬೇಡಿ. ಮುಖಪುಟದೊಂದಿಗೆ ಎಲ್ಲ ಹಾಳೆಗಳನ್ನೂ ಆಮ್ಲರಹಿತ ಕಾಗದದ ನಾಲ್ಕು ಮಡಿಕೆಯ ಹೊದಿಕೆಯೊಳಗಿಟ್ಟು, ಹತ್ತಿಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿ, ಮಲಗಿಸಿಡಿ. ಮಲೆನಾಡಿನ ಮಳೆ ಹಿಡಿಯುವ ಮುನ್ನ ಟ್ರಂಕು ಕೆಳಗಿಳಿದಿರಲಿ.